ಕಾಶಮ್ಮನವರ ಹೆಸರು ಮುಚ್ಚಿಟ್ಟ ಕುಲಸಚಿವರಿಗೆ

ಮಾನ್ಯ ಕುಲಸಚಿವರೇ,

ನಮ್ಮ ತುಂಗಾತೀರ ಕಾನೂನು ವಿಶ್ವವಿದ್ಯಾಲಯದ ಅರ್ಧವಾರ್ಷಿಕ ಪತ್ರಿಕೆ ‘ನ್ಯಾಯತೀರ’ದ ಹೊಸ ಸಂಚಿಕೆ ನಿಮ್ಮ ಮೇಜಿನ ಮೇಲೆ ಇದ್ದೇ ಇರುತ್ತದೆ. ದಯವಿಟ್ಟು ನೂರ ನಲವತ್ತೆರಡನೇ ಪುಟ ತೆರೆಯಿರಿ. ಅಲ್ಲಿ ಹೀಗೆ ಅಚ್ಚಾಗಿದೆ: “ನಮ್ಮ ಗ್ರಂಥಾಲಯದ ಸಹಾಯಕಿ (ಗುರುತು ಮರೆಮಾಚಲಾಗಿದೆ) ಅವರು ಮೂವತ್ತೆರಡು ವರ್ಷಗಳ ಸೇವೆಯ ನಂತರ ಇದೇ ಮೂವತ್ತೊಂದರಂದು ನಿವೃತ್ತರಾಗುತ್ತಿದ್ದಾರೆ. (ಗುರುತು ಮರೆಮಾಚಲಾಗಿದೆ) ಅವರನ್ನು ವಿದ್ಯಾರ್ಥಿಗಳು ಎಂದೆಂದಿಗೂ ಮರೆಯುವುದಿಲ್ಲ.” ಯಾರನ್ನು ಸ್ವಾಮಿ ಮರೆಯುವುದಿಲ್ಲ? ಆಕೆಯ ಹೆಸರು ಕಾಶಮ್ಮ. ಊರು ಮಲವಗೊಪ್ಪ. ನಿಮ್ಮ ಕಚೇರಿ ಅಳಿಸಿದ ಆ ಮೂರಕ್ಷರವನ್ನು ಆಕೆ ನಿವೃತ್ತರಾಗುವ ಮೊದಲು ವಾಪಸ್ ಹಾಕಿಸಿಕೊಡಿ ಎಂದು ಕೇಳುವುದಕ್ಕೇ ಈ ಪತ್ರ. ಇದನ್ನು ನಿಮ್ಮ ಎದುರಿಗೆ ನಿಂತೇ ಹೇಳಬಹುದಿತ್ತು. ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿ ಇದ್ದಿರಿ. ಹಾಗಾಗಿ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ, ಕ್ಷಮಿಸಿ.

ನಾನು ಯಾರೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾವನೋ ತಲೆಹರಟೆ ಹುಡುಗ ಬರೆದಿದ್ದಾನೆಂದು ತಿಳಿದೀರಿ. ಹುಡುಗನಲ್ಲ, ಮುದುಕ. ತಲೆಹರಟೆ ಎಂಬುದನ್ನು ನನ್ನ ಹೆಂಡತಿಯೂ ಅಲ್ಲಗಳೆಯುವುದಿಲ್ಲ. ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಯಾರು ಬಂದರು, ಯಾರು ತಡವಾಗಿ ಬಂದರು ಎಂದು ಬರೆದುಕೊಂಡು ಕೂತವನು. ನಿವೃತ್ತನಾದ ಮೇಲೆ ಮನೆಯಲ್ಲೂ ಅದನ್ನೇ ಶುರು ಮಾಡಿದೆ. ಸೊಸೆ ಬಾಯಿ ಬಿಟ್ಟು ಏನೂ ಹೇಳದೆ ನಿಮ್ಮ ವಿಶ್ವವಿದ್ಯಾಲಯದ ಪ್ರವೇಶದ ಅರ್ಜಿಯನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಈಗ ಅರವತ್ತೆರಡನೇ ವಯಸ್ಸಿನಲ್ಲಿ ಎಲ್‌ಎಲ್.ಬಿ. ಎರಡನೇ ವರ್ಷ. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಇಳಿದು, ಗಾಜನೂರಿನ ರಸ್ತೆಯ ನಮ್ಮ ಆವರಣಕ್ಕೆ ಇನ್ನೊಂದು ಬಸ್ಸು ಹಿಡಿಯುತ್ತೇನೆ. ಹುಡುಗರು ಅಂಕಲ್ ಅನ್ನುತ್ತಾರೆ, ಪಾಠ ಮಾಡುವ ಮೇಷ್ಟ್ರುಗಳು ಬಾಯಿ ತಪ್ಪಿ ಸರ್ ಅನ್ನುತ್ತಾರೆ. ನಾನೂ ಅವರಿಗೆ ಸರ್ ಅನ್ನುತ್ತೇನೆ. ಹೀಗೆ ಪರಸ್ಪರ ಸರ್ ಎಂದುಕೊಳ್ಳುವುದರಲ್ಲೇ ಹಾಜರಿ ಮುಗಿಯುತ್ತದೆ.

ಕಾರ್ಖಾನೆಯ ನೋಟೀಸ್ ಬೋರ್ಡು ಬರೆದ ಕೈ ಎಂದು ಗೊತ್ತಾಗಿ, ‘ನ್ಯಾಯತೀರ’ದ ಕಡೆಯ ನಾಲ್ಕು ಪುಟಗಳ ‘ನಮ್ಮ ಅಂಗಳ’ವನ್ನು ನನಗೆ ಒಪ್ಪಿಸಿದರು. ಆವರಣದ ಸುದ್ದಿ ಬರೆಯುವ ಕೆಲಸ. ಯಾರು ಗೆದ್ದರು, ಯಾರ ಮದುವೆಯಾಯಿತು, ಯಾರು ನಿವೃತ್ತರಾದರು, ಕ್ಯಾಂಟೀನಿನಲ್ಲಿ ಮಂಡಕ್ಕಿ ಮತ್ತೆ ಯಾವಾಗಿಂದ ಶುರು. ಅದಕ್ಕೆ ಮೊದಲಿನ ನೂರ ನಲವತ್ತು ಪುಟಗಳಲ್ಲಿ ವಿದ್ವಾಂಸರು ಇರುತ್ತಾರೆ. ಅವರ ಬಗ್ಗೆ ನನಗೆ ಗೌರವ ಇದೆ. ನದಿನೀರಿನ ಹಕ್ಕಿನ ಕುರಿತು ನೂರ ಹನ್ನೆರಡು ಅಡಿಟಿಪ್ಪಣಿಗಳ ಲೇಖನ ಬಂದಿತ್ತಲ್ಲ, ಅದನ್ನು ನಾನು ಎರಡು ದಿನ ಓದಿದೆ. ನನ್ನನ್ನು ಬಿಟ್ಟರೆ ಅದನ್ನು ಪೂರ್ತಿ ಓದಿದವರು ಬರೆದವರೊಬ್ಬರೇ ಎಂದು ಅವರೇ ಹೇಳಿ ನನಗೆ ಕಾಫಿ ಕುಡಿಸಿದರು. ಆದರೆ ಸತ್ಯ ಹೇಳಿ, ಸಂಚಿಕೆ ಕೈಗೆ ಬಂದ ಕೂಡಲೇ ನಮ್ಮ ಆವರಣದಲ್ಲಿ ಯಾರಾದರೂ ಮೊದಲ ಪುಟದಿಂದ ಓದುತ್ತಾರೆಯೇ? ಎಲ್ಲರೂ ಹಿಂದಿನಿಂದ ತೆರೆಯುತ್ತಾರೆ. ನೀವೂ ತೆರೆಯುತ್ತೀರಿ ಎಂದು ನಿಮ್ಮ ಕಾರಿನ ಚಾಲಕರು ಹೇಳಿದ್ದಾರೆ.

ಹೀಗಿರುವಾಗ ಬಂತು ನೋಡಿ ನಿಮ್ಮ ಸುತ್ತೋಲೆ. ಪತ್ರಿಕೆಯನ್ನು ಮಾನ್ಯತೆ ಪಡೆದ ವಿದ್ವತ್ ಪತ್ರಿಕೆಗಳ ಪಟ್ಟಿಗೆ ಸೇರಿಸಬೇಕು, ಆದ್ದರಿಂದ “ಪತ್ರಿಕೆಯ ಯಾವುದೇ ಪುಟವನ್ನು ಅನಾಮಧೇಯ ಪರಾಮರ್ಶೆ ಇಲ್ಲದೆ ಮುದ್ರಿಸತಕ್ಕದ್ದಲ್ಲ.” ಒಳ್ಳೆಯ ನಿಯಮವೇ. ಬರೆದವರು ಯಾರೆಂದು ಪರಿಶೀಲಿಸುವವರಿಗೆ ಗೊತ್ತಾಗಬಾರದು, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಮುಲಾಜು ಇರಬಾರದು. ವಿದ್ವಾಂಸರ ಲೇಖನಕ್ಕೆ ಅದು ಬೇಕು, ಒಪ್ಪಿದೆ. ಆದರೆ ‘ಯಾವುದೇ ಪುಟ’ ಎಂದರೆ ಯಾವುದೇ ಪುಟವೇ ಎಂದು ನಿಮ್ಮ ಕಚೇರಿ ಅರ್ಥ ಮಾಡಿಕೊಂಡಿತು. ಮಂಡಕ್ಕಿಯ ಸುದ್ದಿಯೂ ಪರಾಮರ್ಶೆಗೆ ಹೋಯಿತು. ಹೋಗುವ ಮೊದಲು ಗುರುತು ಸಿಗಬಾರದೆಂದು ಅದರಲ್ಲಿದ್ದ ಎಲ್ಲ ಹೆಸರುಗಳನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ತೆಗೆದರು. ಕಾನೂನು ಕಲಿಸುವ ಜಾಗವಲ್ಲವೇ, ನಿಯಮದ ಒಂದು ಪದವನ್ನೂ ಬಿಡುವ ಹಾಗಿಲ್ಲ.

ಮೊದಲಿಗೆ ಕೃತಿಚೌರ್ಯದ ತಪಾಸಣೆ. ಕಾಶಮ್ಮನವರ ಬೀಳ್ಕೊಡುಗೆಯ ಬರಹ ಶೇಕಡ ಮೂವತ್ತೆಂಟು ಕದ್ದ ಮಾಲು ಎಂದು ಯಂತ್ರ ಹೇಳಿತು. ಎಲ್ಲಿಂದ ಕದ್ದದ್ದು? ಹಿಂದಿನ ವರ್ಷ ನಮ್ಮ ಕಾವಲುಗಾರ ಪುಟ್ಟಯ್ಯನವರು ನಿವೃತ್ತರಾದಾಗ ನಾನೇ ಬರೆದದ್ದರಿಂದ. “ನಿಷ್ಠೆಯಿಂದ ಸೇವೆ ಸಲ್ಲಿಸಿದರು” ಎಂಬ ಸಾಲು ಇಬ್ಬರಿಗೂ ಬಂದಿತ್ತು. ಏನು ಮಾಡಲಿ ಸ್ವಾಮಿ, ಇಬ್ಬರೂ ನಿಷ್ಠೆಯಿಂದಲೇ ಸೇವೆ ಸಲ್ಲಿಸಿದ್ದರು! ಒಬ್ಬರು ನಿಷ್ಠೆ ತೋರಿದ ಮೇಲೆ ಇನ್ನೊಬ್ಬರು ತೋರಬಾರದೇ? ಆಮೇಲೆ ಇಬ್ಬರು ಪರಾಮರ್ಶಕರ ಟಿಪ್ಪಣಿಗಳು ಬಂದವು. ಒಬ್ಬರು ಬರೆದರು: “ವಿದ್ಯಾರ್ಥಿಗಳು ಎಂದೆಂದಿಗೂ ಮರೆಯುವುದಿಲ್ಲ ಎಂಬ ನಿರ್ಣಯಕ್ಕೆ ಸಮೀಕ್ಷೆಯ ಆಧಾರವಿಲ್ಲ.” ಇನ್ನೊಬ್ಬರು: “ಮಂಡಕ್ಕಿ ರುಚಿಯಾಗಿದೆ ಎನ್ನುವ ಲೇಖಕರು ಭಿನ್ನಾಭಿಪ್ರಾಯಗಳನ್ನು ಚರ್ಚಿಸಿಲ್ಲ.” ನಾನು ಕೂತು ನಕ್ಕೆ. ನಕ್ಕು, ಮಂಡಕ್ಕಿಗೆ ಒಂದು ಅಡಿಟಿಪ್ಪಣಿ ಹಾಕಿ ಕಳಿಸಿದೆ. ಪಾಸಾಯಿತು.

ಹೆಸರುಗಳು ಅಚ್ಚಿಗೆ ಹೋಗುವ ಮೊದಲು ವಾಪಸ್ ಬರುತ್ತವೆ ಎಂದುಕೊಂಡಿದ್ದೆ. ಬರಲಿಲ್ಲ. ಸಂಚಿಕೆ ಬಂದಾಗ ಮೊದಲ ಎರಡು ದಿನ ಆವರಣದಲ್ಲಿ ಹಬ್ಬವೋ ಹಬ್ಬ. “(ಗುರುತು ಮರೆಮಾಚಲಾಗಿದೆ) ಅವರು (ಗುರುತು ಮರೆಮಾಚಲಾಗಿದೆ) ಅವರನ್ನು ವರಿಸಿದ್ದಾರೆ, ನವದಂಪತಿಗೆ ಶುಭಾಶಯಗಳು.” ಯಾರು ಯಾರನ್ನು ಮದುವೆಯಾದರೆಂದು ಹಾಸ್ಟೆಲಿನಲ್ಲಿ ಪಂಥ ಕಟ್ಟಿದರು. ಮದುವೆಯಾದವರು ನಮ್ಮ ಸಹಾಯಕ ಪ್ರಾಧ್ಯಾಪಕಿ ಪ್ರಿಯದರ್ಶಿನಿ ಮೇಡಂ. ತರಗತಿಯಲ್ಲೇ ಆ ಪುಟ ಹಿಡಿದು, “ಹುಡುಗ ಒಳ್ಳೆಯವನು ಕಣ್ರೋ, ಗುರುತು ಮಾತ್ರ ಹೇಳಂಗಿಲ್ಲ” ಎಂದು ನಗಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರನೇ ದಿನ ಗ್ರಂಥಾಲಯಕ್ಕೆ ಹೋದೆ, ನಗು ಅಲ್ಲಿಗೇ ನಿಂತಿತು.

ಕಾಶಮ್ಮನವರು ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಕಚೇರಿ ಮೂರನೇ ಮಹಡಿಯಲ್ಲಿದೆ. ಓದಿದ್ದು ಏಳನೇ ತರಗತಿ. ನಮ್ಮದು ಇನ್ನೂ ಸಣ್ಣ ಕಾಲೇಜಾಗಿದ್ದಾಗ ಪುಸ್ತಕದ ಧೂಳು ಹೊಡೆಯಲು ಸೇರಿದವರು. ಇವತ್ತು ಯಾವ ತೀರ್ಪು ಯಾವ ಸಂಪುಟದಲ್ಲಿದೆ ಎಂದು ಕೇಳಿ, “ಆ ಕಂದು ರಟ್ಟಿನ ಸಾಲು, ಕಿಟಕಿ ಕಡೆಯಿಂದ ಎಂಟನೇದು, ಹುಷಾರು, ಬೆನ್ನು ಬಿಟ್ಟೈತೆ” ಅನ್ನುತ್ತಾರೆ. ಹೋದ ವರ್ಷ ಪರೀಕ್ಷೆಯ ವಾರದಲ್ಲಿ ಗ್ರಂಥಾಲಯದ ಕಂಪ್ಯೂಟರು ಕೈಕೊಟ್ಟಾಗ ಮೂರು ದಿನ ಇಡೀ ವಿಶ್ವವಿದ್ಯಾಲಯ ನಡೆದದ್ದು ಈಕೆಯ ತಲೆಯ ಮೇಲೆ. ಅಂಥವರು ಅವತ್ತು ಮೇಜಿನ ಹಿಂದೆ ಸುಮ್ಮನೆ ಕೂತಿದ್ದರು. ಎದುರಿಗೆ ‘ನ್ಯಾಯತೀರ’.

“ಮುರುಗೇಶಣ್ಣ, ನಾನೇನಾದ್ರೂ ಮಾಡ್ಬಾರದ್ದು ಮಾಡಿದೀನಾ?” ಎಂದು ಕೇಳಿದರು.

“ಏನಕ್ಕಾ ಹಂಗಂತೀರಾ?”

“ಮತ್ತೆ? ಇಲ್ಲಿರೋ ಪುಸ್ತಕಗಳಲ್ಲಿ ಹೆಸರು ಮುಚ್ಚೋದು ಯಾರ್ದು? ಪಾಪ, ಕೆಟ್ಟದ್ದು ನಡೆದಿರೋ ಹೆಣ್ಣುಮಕ್ಕಳದ್ದು. ಇಲ್ಲಾ ತಪ್ಪು ಮಾಡಿರೋ ಸಣ್ಣಮಕ್ಕಳದ್ದು. ನಾನು ಇವೆರಡ್ರಲ್ಲಿ ಯಾವ್ದು ಹೇಳಿ.”

ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ ಕುಲಸಚಿವರೇ. ಮನೆಯಲ್ಲಿ ಆಗಿದ್ದನ್ನೂ ಅವರೇ ಹೇಳಿದರು. ತಮ್ಮ ಹೆಸರು ಪುಸ್ತಕದಲ್ಲಿ ಬರುತ್ತದೆಂದು ಆರು ತಿಂಗಳಿಂದ ಮಲವಗೊಪ್ಪದಲ್ಲಿ ಹೇಳಿಕೊಂಡು ಓಡಾಡಿದ್ದರಂತೆ. ಸಂಚಿಕೆ ಬಂದ ದಿನ ಸೊಸೆ ತನುಜಾ ಫೋಟೋ ತೆಗೆಯಲು ಫೋನು ಹಿಡಿದು ನಿಂತಿದ್ದಳಂತೆ. ಗಂಡನ ಅಣ್ಣ ಶಿವಯೋಗಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಲು ಶುರು ಮಾಡಿದರು, ಎರಡನೇ ಸಾಲಿಗೆ ದನಿ ಇಳಿಸಿದರು. ಆಮೇಲೆ ಪುಸ್ತಕ ಮಡಚಿ, “ಏನವ್ವಾ, ಏನಾದ್ರೂ ಎನ್‌ಕ್ವೈರಿ ಗಿನ್‌ಕ್ವೈರಿ ಆಗಿತ್ತಾ? ಹೇಳ್ಬಾರ್ದಾ ನಮಗೆ?” ಎಂದರಂತೆ. ಪಕ್ಕದ ಮನೆಯ ಜಗದಾಂಬಾ ಸಮಾಧಾನ ಹೇಳಿದ್ದು ಇನ್ನೂ ಚೆನ್ನಾಗಿದೆ: “ಇರ್ಲಿ ಬಿಡ್ರೀ ಕಾಶಮ್ಮ, ಹೆಂಗೋ ಹೆಸರು ಹೊರಗೆ ಬರ್ದಂಗೆ ಮುಗಿಸಿದ್ರಲ್ಲ, ಪುಣ್ಯಾತ್ಮರು.” ಆ ಪುಣ್ಯಾತ್ಮರು ತಾವೇ. ಮೂವತ್ತೆರಡು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದ ಹೆಂಗಸಿಗೆ ಕಡೆಯ ತಿಂಗಳಲ್ಲಿ ಇಲ್ಲದ ಕೇಸೊಂದನ್ನು ಅಂಟಿಸಿ, ಅದರಿಂದ ಕಾಪಾಡಿದ ಪುಣ್ಯವನ್ನೂ ಪಡೆದುಕೊಂಡಿರಿ.

ಅದೇ ಮಧ್ಯಾಹ್ನ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಪತ್ರಿಕೆಯ ವಿಷಯ ನೋಡಿಕೊಳ್ಳುವ ಗುಮಾಸ್ತ ವಿಜಯೇಂದ್ರ ಸಿಕ್ಕರು. ಒಳ್ಳೆಯ ಹುಡುಗ, ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕೆಲಸವೊಂದನ್ನು ಮಾಡಿಕೊಡಲಿಲ್ಲ.

“ಪರಾಮರ್ಶೆ ಮುಗಿದ್ಮೇಲೆ ಲೇಖಕರ ಹೆಸರು ವಾಪಸ್ ಹಾಕ್ತೀವಿ ಸರ್. ನಿಮ್ದು ಹಾಕಿದೀವಲ್ಲ, ನೋಡಿ.”

ನೋಡಿದೆ. ನಾಲ್ಕು ಪುಟದಲ್ಲಿ ಉಳಿದ ಒಂದೇ ಹೆಸರು ನನ್ನದು. ಕೊನೆಯಲ್ಲಿ, ದಪ್ಪಕ್ಷರದಲ್ಲಿ. ನಾಚಿಕೆಯಾಯಿತು.

“ಕಾಶಮ್ಮಂದೂ ಹಾಕಿ.”

“ಅವ್ರು ಲೇಖಕರಲ್ವಲ್ಲ ಸರ್.”

“ಅಲ್ಲಪ್ಪಾ, ಅವ್ರು ಸುದ್ದಿ.”

“ಲೇಖಕರಿಗೆ ಫಾರ್ಮ್ ಇದೆ. ಸುದ್ದಿಗೆ ಫಾರ್ಮ್ ಇಲ್ಲ ಸರ್.”

“ಹಂಗಾದ್ರೆ ಮೊದಲ ಪುಟದಲ್ಲಿ ಕುಲಸಚಿವರ ಸಂದೇಶ ಫೋಟೋ ಸಮೇತ ಬಂದೈತಲ್ಲ ಮಾರಾಯ, ಅದನ್ನ ಯಾರು ಪರಾಮರ್ಶೆ ಮಾಡಿದ್ರು?”

ವಿಜಯೇಂದ್ರ ಬಾಗಿಲ ಕಡೆ ನೋಡಿ, “ಸರ್, ಮೆಲ್ಲಗೆ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಲೂ ತಾವು ಸಿಟ್ಟಾಗಬೇಡಿ. ನಾನು ಕೇಳಿದ ಪ್ರಶ್ನೆಗೆ ಉತ್ತರವನ್ನು ನಿಮ್ಮಿಂದಲೇ ಎದುರು ನೋಡುತ್ತಿದ್ದೇನೆ. ಸುತ್ತೋಲೆಯಲ್ಲಿ ‘ಯಾವುದೇ ಪುಟ’ ಎಂದಿದೆ. ನಿಮ್ಮ ಸಂದೇಶ ಪುಟದ ಮೇಲಿದೆಯೋ, ಗಾಳಿಯಲ್ಲಿ ತೇಲುತ್ತಿದೆಯೋ? ಅದರಲ್ಲೂ “ನಿಷ್ಠೆಯಿಂದ” ಎಂಬ ಪದ ನಾಲ್ಕು ಸಲ ಇದೆ. ಪುಟ್ಟಯ್ಯನವರಿಂದ ಕದ್ದದ್ದಲ್ಲ ತಾನೇ?

ಇಷ್ಟು ಹೊತ್ತಿಗೆ ವಿಷಯ ಹುಡುಗರಿಗೆ ತಲುಪಿತ್ತು. ಬೇರೆ ಕಾಲೇಜಿನ ಹುಡುಗರಾಗಿದ್ದರೆ ಗೇಟಿಗೆ ಬಂದು ಧಿಕ್ಕಾರ ಕೂಗುತ್ತಿದ್ದರೇನೋ. ಇವರು ಕಾನೂನಿನವರು, ಶನಿವಾರ ಗ್ರಂಥಾಲಯದಲ್ಲೇ ಅಣಕು ನ್ಯಾಯಾಲಯ ಹೂಡಿದರು. ‘ಕಾಶಮ್ಮ ಮತ್ತು ಕುಲಸಚಿವರು’ ಎಂದು ಬೋರ್ಡಿನಲ್ಲಿ ಬರೆದರು. ಕಾಶಮ್ಮನವರ ಪರ ಅನುಷಾ, ನಿಮ್ಮ ಪರ ನಿಶಾಂತ್, ಇಬ್ಬರೂ ಅಂತಿಮ ವರ್ಷದವರು. ಪ್ರಿಯದರ್ಶಿನಿ ಮೇಡಂ ನ್ಯಾಯಾಧೀಶರು. ನಿಮ್ಮ ವಕೀಲ ಬಹಳ ಚೆನ್ನಾಗಿ ವಾದಿಸಿದ, ಖುಷಿಪಡಿ. “ಹೆಸರು ತೆಗೆದದ್ದರಿಂದಲೇ ಅರ್ಜಿದಾರರಿಗೆ ಯಾವ ಪಕ್ಷಪಾತವೂ ಇಲ್ಲದ ಬೀಳ್ಕೊಡುಗೆ ದೊರೆತಿದೆ. ಪರಾಮರ್ಶಕರು ಆಕೆಯ ಮುಖ ನೋಡದೆ, ಕೇವಲ ಗುಣ ನೋಡಿ ಆಕೆಯ ನಿವೃತ್ತಿಯನ್ನು ಅಂಗೀಕರಿಸಿದ್ದಾರೆ” ಎಂದ. ಕಪಾಟುಗಳ ನಡುವೆ ನಿಂತಿದ್ದ ಮಕ್ಕಳೆಲ್ಲ ಮೇಜು ಕುಟ್ಟಿದರು. ನನಗೂ ಒಂದು ಕ್ಷಣ ನೀವೇ ಗೆಲ್ಲುತ್ತೀರಿ ಅನ್ನಿಸಿತು.

ಆಮೇಲೆ ಸಾಕ್ಷಿ. ಕಾಶಮ್ಮನವರನ್ನು ಕುರ್ಚಿಯ ಮೇಲೆ ಕೂರಿಸಿದರು. ಕೋರ್ಟಿನಲ್ಲಿ ಸಾಕ್ಷಿಗೆ ಮೊದಲು ಏನು ಕೇಳುತ್ತಾರೆ? ನಿಮಗೇ ಗೊತ್ತಲ್ಲ. ಅನುಷಾ ಎದ್ದು, “ನಿಮ್ಮ ಹೆಸರು ಹೇಳಿ” ಎಂದಳು.

“ಹೇಳ್ಬಹುದಾ? ಮೂರನೇ ಮಹಡೀಲಿ ಕೇಳ್ಕಂಡ್ ಬರ್ತೀರಾ?” ಎಂದರು ಕಾಶಮ್ಮ.

ಗ್ರಂಥಾಲಯದಲ್ಲಿ ನಗಬಾರದೆಂದು ಮೂವತ್ತೆರಡು ವರ್ಷ ಗದರಿಸಿದವರು ಅವರೇ. ಅವತ್ತು ಅವರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೆ ನಿಶಾಂತ್ ಪಾಟೀಸವಾಲಿಗೆ ಎದ್ದ. “ಹೆಸರು ಇಲ್ಲದಿದ್ದರೆ ನಿಮಗೆ ಆಗುವ ನಷ್ಟವೇನು?” ಎಂದು ಕೇಳಿದ. ಕಾಶಮ್ಮನವರು ಕೈ ಎತ್ತಿ ಕಪಾಟುಗಳನ್ನು ತೋರಿಸಿದರು.

“ಇಲ್ಲಿ ನಲವತ್ತು ಸಾವಿರ ಪುಸ್ತಕ ಐತೆ ಮಗಾ. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಎಲ್ಲಾ ಹೆಸರನ್ನೂ ಇದೇ ಕೈಯಲ್ಲಿ ಒರೆಸಿದೀನಿ. ಮಸುಕಾದಾಗ ಹೊಸಾ ಚೀಟಿ ಅಂಟಿಸಿದೀನಿ. ಹೋಗೋಕೆ ಮುಂಚೆ ನನ್ನ ಹೆಸರಿರೋದು ಒಂದು ಪುಸ್ತಕ ಈ ಸಾಲಲ್ಲಿ ನಾನೇ ಇಡ್ಬೇಕು ಅಂತ ಆಸೆ ಇತ್ತು. ನಷ್ಟ ಅಂದ್ರೆ ಅಷ್ಟೇ.”

ನಿಶಾಂತ್ ನ್ಯಾಯಾಧೀಶರ ಕಡೆ ತಿರುಗಿ, “ಇನ್ನು ಪ್ರಶ್ನೆಗಳಿಲ್ಲ ಮೇಡಂ” ಎಂದು ಕೂತುಬಿಟ್ಟ. ನಿಮ್ಮ ವಕೀಲನೇ ಕೈಚೆಲ್ಲಿದ ಮೇಲೆ ತೀರ್ಪು ಏನೆಂದು ಬಿಡಿಸಿ ಹೇಳಬೇಕೇ? ಸರ್ವಾನುಮತ. ಆದರೆ ಅಣಕು ನ್ಯಾಯಾಲಯದ ತೀರ್ಪು ನಿಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ನಮಗೂ ಗೊತ್ತು, ಅದನ್ನೂ ನೀವೇ ಕಲಿಸಿದ್ದೀರಿ.

ನಿಮ್ಮನ್ನು ಇಷ್ಟೆಲ್ಲ ಚುಚ್ಚಿದ ಮೇಲೆ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಾರ್ಖಾನೆಯಲ್ಲಿ ನಮಗೆ ಮನುಷ್ಯರೆಂದರೆ ಟೋಕನ್ ನಂಬರು. ಸಾವಿರಾರು ಜನ, ಯಾರ ಹೆಸರೆಂದು ನೆನಪಿಡುವುದು? ಆದರೆ ಟೈಮ್ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ನಿವೃತ್ತಿಯ ದಿನ ಪಾಳಿ ಮುಗಿಸಿ ಹೊರಗೆ ಹೋಗುವವರನ್ನು ನಂಬರಿನಿಂದ ಕರೆಯುವಂತಿಲ್ಲ. ಗೇಟಿನ ಮೈಕಿನಲ್ಲಿ ಅಪ್ಪನ ಹೆಸರು ಸಮೇತ ಪೂರ್ತಿ ಹೆಸರು ಕೂಗಬೇಕು. ಅದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ, ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಂದು ದಿನ ಕೆಲಸದ ಗಡಿಬಿಡಿಯಲ್ಲಿ ನಾನು ಅಭ್ಯಾಸಬಲದಿಂದ “ಎರಡು ಸಾವಿರದ ಏಳುನೂರ ಹದಿನಾರು” ಎಂದು ಕೂಗಿಬಿಟ್ಟೆ. ಕುಲುಮೆಯ ವಿಭಾಗದ ಆರುಮುಗಂ ಅವರು. ಗೇಟು ದಾಟಿದ್ದವರು ಹಾರ ಹಾಕಿಕೊಂಡೇ ತಿರುಗಿ ಬಂದು ನನ್ನ ಕಿಟಕಿಯ ಮುಂದೆ ನಿಂತರು. “ಇನ್ನಿಕ್ಕಾವದು ಪೇರ್ ಸೊಲ್ಲಪ್ಪಾ” ಎಂದರು. ಇವತ್ತಾದರೂ ಹೆಸರು ಹೇಳಪ್ಪಾ ಎಂದು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೈಕು ಹಿಡಿದು ಅಪ್ಪನ ಹೆಸರು ಸಮೇತ ಪೂರ್ತಿ ಹೆಸರು ಕೂಗಿದೆ. ಅವರು ಕೇಳಿಸಿಕೊಂಡು, ತಲೆ ಅಲ್ಲಾಡಿಸಿ, ಎರಡನೇ ಸಲ ಹೊರಗೆ ಹೋದರು. ನನ್ನ ತಪ್ಪು ತಿದ್ದಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತಪ್ಪು ಯಾರಿಂದಲಾದರೂ ಆಗುತ್ತದೆ ಕುಲಸಚಿವರೇ, ನಾನು ಅದಕ್ಕಾಗಿ ನಿಮ್ಮನ್ನು ದೂರುತ್ತಿಲ್ಲ. ತಿದ್ದಲು ಫಾರ್ಮ್ ಇಲ್ಲ ಅನ್ನುವುದಕ್ಕೆ ದೂರುತ್ತಿದ್ದೇನೆ.

ಈಗ ಬೇಡಿಕೆ. ದೊಡ್ಡದೇನಲ್ಲ. ಭದ್ರಾವತಿಯಲ್ಲಿ ಪ್ರೆಸ್ ಇಟ್ಟುಕೊಂಡಿರುವ ಸುನಿಲ್ ನಮ್ಮ ಪತ್ರಿಕೆಯ ಮುದ್ರಕರು. ಅವರು ಮುನ್ನೂರು ತಿದ್ದುಪಡಿ ಚೀಟಿಗಳನ್ನು ಆಗಲೇ ಅಚ್ಚು ಹಾಕಿ ಕೊಟ್ಟಿದ್ದಾರೆ: “ಪುಟ ೧೪೨ರಲ್ಲಿ ಗುರುತು ಮರೆಮಾಚಲಾಗಿದೆ ಎಂದಿರುವಲ್ಲೆಲ್ಲ ಕಾಶಮ್ಮ ಎಂದು ಓದಿಕೊಳ್ಳಿ.” ಹಸ್ತಪ್ರತಿಯ ಕಾಲದಿಂದಲೂ ವಿದ್ವತ್ ಜಗತ್ತು ತಪ್ಪು ತಿದ್ದಿಕೊಂಡದ್ದು ಹೀಗೆಯೇ. ಅಂಟಿಸಲು ಹುಡುಗರು ಗೋಂದು ಹಿಡಿದು ಕಾದಿದ್ದಾರೆ, ಅನುಷಾ ಒಂದು ಕಡೆ, ನಿಶಾಂತ್ ಇನ್ನೊಂದು ಕಡೆ. ಬೇಕಿರುವುದು ನಿಮ್ಮ ಒಂದು ಸಹಿ, ಯಾಕೆಂದರೆ ನಿಮ್ಮ ಸಹಿ ಇಲ್ಲದೆ ‘ನ್ಯಾಯತೀರ’ಕ್ಕೆ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ ಎಂದು ಅದೇ ಸುತ್ತೋಲೆ ಹೇಳುತ್ತದೆ. ಚೀಟಿಯನ್ನೂ ಪರಾಮರ್ಶೆಗೆ ಕಳಿಸುತ್ತೇನೆ ಎನ್ನಬೇಡಿ, ದಮ್ಮಯ್ಯ. ಅದರಲ್ಲಿರುವ ಹೆಸರನ್ನು ಮತ್ತೆ ಯಾರಾದರೂ ತೆಗೆದುಹಾಕಿಯಾರು.

ಸಹಿ ಹಾಕಲು ಸಾಧ್ಯವೇ ಇಲ್ಲ, ನಿಯಮ ನಿಯಮವೇ ಎನ್ನುವುದಾದರೆ, ನಮ್ಮ ಎರಡನೇ ಬೇಡಿಕೆ ಇನ್ನೂ ಸುಲಭ. ಮೂವತ್ತೊಂದರಂದು ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದಲ್ಲಿ ಬೀಳ್ಕೊಡುಗೆ. ಮೂರನೇ ಮಹಡಿಯಿಂದ ಇಳಿದು ಬನ್ನಿ. ಮಲವಗೊಪ್ಪದಿಂದ ಶಿವಯೋಗಪ್ಪನವರೂ ಜಗದಾಂಬಾ ಅವರೂ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರೆಲ್ಲರ ಎದುರಿಗೆ ಆಕೆಗೆ ಶಾಲು ಹೊದಿಸಿ, ಮುಖಕ್ಕೆ ಮುಖ ಕೊಟ್ಟು ನಿಂತು, ನೀವೇ ಮೈಕಿನಲ್ಲಿ ಆ ನೂರ ನಲವತ್ತೆರಡನೇ ಪುಟವನ್ನು ಅಚ್ಚಾಗಿರುವಂತೆಯೇ ಓದಿಬಿಡಿ. ಹೆಸರು ಹೇಳದೆ ಕಡೆಯ ಸಾಲಿನವರೆಗೆ ಓದಲು ನಿಮ್ಮಿಂದಾದರೆ, ನಾವು ಚೀಟಿಗಳನ್ನು ಹರಿದು ಹಾಕುತ್ತೇವೆ.

ಇಂತಿ,
ನಾಲ್ಕು ಪುಟದಲ್ಲಿ ತನ್ನದೊಂದೇ ಹೆಸರು ಉಳಿದದ್ದಕ್ಕೆ ತಲೆ ತಗ್ಗಿಸಿರುವ,
ಮುರುಗೇಶಪ್ಪ
ಎರಡನೇ ವರ್ಷದ ಎಲ್‌ಎಲ್.ಬಿ. ವಿದ್ಯಾರ್ಥಿ, ಭದ್ರಾವತಿ